ತೋಡಿನಲ್ಲಿ ತಿರುಗುತ್ತಿದ್ದ ಡೈನಮ

ನಮ್ಮ ಕಡೆಯ ಗಂಡಸರಿಗೆ ಬೋನೆಟ್ ತೆರೆದಿಟ್ಟ ಕಾರು ಕಂಡರೆ ಸುಮ್ಮನೆ ದಾಟಿ ಹೋಗಲು ಆಗುವುದಿಲ್ಲ. ಬಂದು ನಿಲ್ಲಬೇಕು, ಸೊಂಟಕ್ಕೆ ಕೈ ಕೊಡಬೇಕು, ಒಳಗೆ ಬಗ್ಗಿ ನೋಡಬೇಕು, "ಬ್ಯಾಟರಿ ಇರ್ಬೇಕು" ಅನ್ನಬೇಕು. ಸಂಪಾಜೆಯಲ್ಲಿ ನನ್ನ ಕಾರು ಕೆಟ್ಟು ನಿಂತ ದಿನ ಹೀಗೆ ಬಂದು ಬಗ್ಗಿದವರು ಒಂದು ದಿಬ್ಬಣಕ್ಕೆ ಸಾಕಾಗುವಷ್ಟಿದ್ದರು. ಎಲ್ಲರೂ ಬ್ಯಾಟರಿ ಅಂದರು. ಒಬ್ಬ ಟಯರನ್ನು ಒದ್ದು ನೋಡಿದ. ಬ್ಯಾಟರಿಗೂ ಟಯರಿಗೂ ಎಂತ ಸಂಬಂಧ ಎಂದು ನಾನು ಕೇಳಲಿಲ್ಲ. ಅವರೆಲ್ಲ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಯಜಮಾನ್ರು ಎಲ್ಲಿ ಹೋಗಿದ್ದಾರೆ?"

ನನಗೆ ಯಜಮಾನರಿಲ್ಲ. ಮದುವೆ ಆಗಲಿಲ್ಲ, ಆಗದ್ದಕ್ಕೆ ಬೇಸರವೂ ಇಲ್ಲ. ಪುತ್ತೂರಿನಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತೇನೆ. ಹೊಟ್ಟೆಪಾಡಿಗಾಗಿ ದಿನವಿಡೀ ಎಡಗಡೆಯ ಸೀಟಿನಲ್ಲಿ, ನನ್ನ ಕಾಲ ಕೆಳಗಿನ ಎರಡನೇ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು, ಬೇರೆಯವರು ಗಾಡಿಯನ್ನು ಹಿಂಸಿಸುವುದನ್ನು ನೋಡುತ್ತ ಕೂರುತ್ತೇನೆ. ಕ್ಲಚ್ ಬಿಡಿ, ಕ್ಲಚ್ ಒತ್ತಿ, ಕನ್ನಡಿ ನೋಡಿ, ಕನ್ನಡಿಯಲ್ಲಿ ನಿಮ್ಮ ಮುಖ ಅಲ್ಲ, ಹಿಂದಿನ ರಸ್ತೆ. ಹೀಗೆ ಬದುಕಿದವಳಿಗೆ ಬಲಗಡೆ ಕೂರುವ ಆಸೆ ಇರುವುದು ತಪ್ಪಲ್ಲ. ನನ್ನದು ಸಂಪಾಜೆ ಕಡೆಯ ಕಾಫಿ ಎಸ್ಟೇಟಿನವರೊಬ್ಬರು ಹಿಂದೆ ಹೊರದೇಶದಿಂದ ತರಿಸಿಕೊಂಡಿದ್ದ ಕೆಂಪು ಸ್ಪೋರ್ಟ್ಸ್ ಕಾರು, ಎರಡೇ ಸೀಟು, ತಲೆಯ ಮೇಲೆ ಮಡಚಿ ಹಿಂದಕ್ಕೆ ಹಾಕುವ ಬಟ್ಟೆಯ ಮಾಡು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಅವರಿಗೆ ಬೆನ್ನು ನೋವು ಹಿಡಿದ ಮೇಲೆ ಅದರೊಳಗೆ ಕೂತರೆ ಏಳಲು ಇಬ್ಬರು ಎಳೆಯಬೇಕಾಗುತ್ತಿತ್ತು. ಆಗ ನಾನು ಕ್ರಯಕ್ಕೆ ಕೇಳಿದೆ, ಅವರು ಕೊಟ್ಟರು. ಆ ಕಾರೆಂದರೆ ನನಗೆ ಪ್ರೀತಿ. ಹೇಳಿಕೊಳ್ಳಲು ನಾಚಿಕೆ ಇಲ್ಲ. ಭಾನುವಾರ ಮಾಡು ಬಿಚ್ಚಿ ಮಡಿಕೇರಿಗೆ ಹತ್ತಿ ಇಳಿದು ಬಂದರೆ ವಾರವಿಡೀ ಕೇಳಿದ ಗೇರಿನ ಕಿರುಚಾಟ ಕಿವಿಯಿಂದ ಇಳಿದುಹೋಗುತ್ತಿತ್ತು.

ಹಾಗೆ ಇಳಿದು ಬರುತ್ತಿದ್ದಾಗಲೇ ಅದು ಕೆಟ್ಟದ್ದು. ಮೀಟರಿನ ಪಕ್ಕದಲ್ಲಿ ಬ್ಯಾಟರಿಯ ಚಿತ್ರದ ಕೆಂಪು ದೀಪ ಹೊತ್ತಿಕೊಂಡಿತು. ಘಾಟಿಯ ಮಂಜಿಗೆ ಹಾಕಿದ್ದ ವೈಪರ್ ಮುದುಕರು ಏಳುವ ಹಾಗೆ ಎದ್ದು, ಅರ್ಧದಲ್ಲಿ ಕೂತಿತು. ಸಂಪಾಜೆ ಪೇಟೆ ಬರುವಷ್ಟರಲ್ಲಿ ಎಂಜಿನ್ನೂ ನಿಂತಿತು. ದಿಬ್ಬಣದವರು ನೋಡಿ ಮುಗಿಸಿದ ಮೇಲೆ ಒಂದು ಪಿಕಪ್ಪಿನ ಮೇಲೆ ಹಾಕಿಸಿ ಪುತ್ತೂರಿಗೆ ತಂದೆ.

"ಡೈನಮ ಹೋಗಿದೆ" ಅಂದ ನಮ್ಮ ಮೆಕ್ಯಾನಿಕ್. ಅವನು ನನ್ನ ಸ್ಕೂಲಿನ ಗಾಡಿಗಳನ್ನು ನೋಡಿಕೊಳ್ಳುವವನು. ಆಲ್ಟರ್ನೇಟರ್ ಎಂಬ ಶಬ್ದ ನಮ್ಮ ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕಿನಲ್ಲಿ ಬಿಲ್ಲಿನ ಮೇಲೆ ಬಿಟ್ಟರೆ ಬೇರೆಲ್ಲೂ ಇಲ್ಲ, ಬಾಯಿಯಲ್ಲಿ ಅದು ಡೈನಮ. ಎಂಜಿನ್ ಬೆಲ್ಟಿನಿಂದ ಅದನ್ನು ತಿರುಗಿಸುತ್ತದೆ, ಅದು ಕರೆಂಟು ಹುಟ್ಟಿಸಿ ಬ್ಯಾಟರಿಗೆ ಉಣಿಸುತ್ತದೆ. ಅದು ಸತ್ತರೆ ಬ್ಯಾಟರಿ ಸ್ವಲ್ಪ ಹೊತ್ತು ಉಪವಾಸದಲ್ಲಿ ಓಡಿ ತಾನೂ ಸಾಯುತ್ತದೆ. ನನ್ನದರ ಒಳಗಿನ ತಂತಿ ಸುಟ್ಟು ಕಪ್ಪಾಗಿತ್ತು, ಎಂಜಿನ್ನಿಗೆ ಬಿಗಿಯುವ ಕಿವಿಯೂ ಬಿರುಕು ಬಿಟ್ಟಿತ್ತು. ವೈಂಡಿಂಗ್ ಮಾಡುವವನು ಬಿಚ್ಚಿ ನೋಡಿ, ಇದು ಆಗುವುದಿಲ್ಲ ಎಂದು ಬಿಚ್ಚಿದ್ದನ್ನು ಹಾಗೆಯೇ ರಟ್ಟಿನ ಪೆಟ್ಟಿಗೆಗೆ ಹಾಕಿ ವಾಪಸು ಕೊಟ್ಟ.

ಬೇರೆ ಸಮಯದಲ್ಲಾಗಿದ್ದರೆ ಇನ್ನೊಂದು ಸಿಗುವವರೆಗೆ ನಾನು ಕಾಯುತ್ತಿದ್ದೆ. ಆದರೆ ಕಾರಿನ ನೋಂದಣಿಯ ಅವಧಿ ಆ ಮಳೆಗಾಲ ಮುಗಿಯುವಾಗ ಮುಗಿಯುತ್ತಿತ್ತು. ನವೀಕರಿಸಬೇಕಾದರೆ ಹಳೇ ಗಾಡಿ ತನ್ನ ಚಕ್ರದ ಮೇಲೆ ತಾನೇ ಆರ್.ಟಿ.ಒ. ಮೈದಾನಕ್ಕೆ ಹೋಗಿ, ದೀಪ, ಹಾರ್ನು, ವೈಪರ್ ಎಲ್ಲ ಮಾಡಿ ತೋರಿಸಬೇಕು. ಎಳೆದುಕೊಂಡು ಹೋದರೆ ಆಗದು. ಮತ್ತು ನನ್ನ ಅಣ್ಣ ಆ ದಿನಾಂಕವನ್ನು ತನ್ನ ಮಗಳ ಮದುವೆಯ ದಿನಕ್ಕಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದ. ಅವನೂ ನಾನೂ ಒಂದೇ ಅಂಗಳದ ಎರಡು ಮನೆಯಲ್ಲಿರುವವರು, ನಡುವೆ ಒಂದೇ ಕಾರು ಶೆಡ್ಡು, ಅದರಲ್ಲಿ ನನ್ನ ಕಾರು. ಅವನು ಹೊಸತಾಗಿ ತೆಗೆದ, ಲಾರಿಯಷ್ಟು ಎತ್ತರದ ಕಾರು ಅಂಗಳದಲ್ಲಿ ಬಿಸಿಲು ಕಾಯುತ್ತಿತ್ತು.

"ಅವಧಿ ಮುಗಿದ್ರೆ ಅದು ಕಾರಲ್ಲ ಮಾರಾಯ್ತಿ, ಕಬ್ಬಿಣ" ಅಂದ. "ಗುಜರಿಯವನಿಗೆ ಹೇಳಿ ಇಡ್ಲಾ?"

"ನೋಡುವ" ಅಂದೆ.

ಇದರ ಅರ್ಥ ನಮ್ಮ ಕಡೆ ಹುಟ್ಟಿದ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನೋಡುವ ಅಂದರೆ ಇಲ್ಲ. ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನಲು ನಾವು ಮರ್ಯಾದೆಯವರು, ಹೌದು ಅನ್ನಲು ಮನಸ್ಸಿಲ್ಲ, ಹಾಗಾಗಿ ನೋಡುವ. ಹೆಣ್ಣು ಕೇಳಲು ಬಂದವರಿಗೂ ನೋಡುವ, ಚಂದಾ ಕೇಳಲು ಬಂದವರಿಗೂ ನೋಡುವ. ಕೇಳಿದವರು ಅರ್ಥ ಮಾಡಿಕೊಂಡು, ಕೊಟ್ಟ ಚಾ ಕುಡಿದು ಎದ್ದು ಹೋಗುತ್ತಾರೆ.

ನಾನು ಡೈನಮ ಹುಡುಕಲು ಹೊರಟೆ. ಮೊದಲು ಎದುರಾದದ್ದು ಇನ್ನೊಂದು ಶಬ್ದ: ಕೂರ್ತದೆ. ಪುತ್ತೂರಿನ ಎಲ್ಲ ಗ್ಯಾರೇಜಿನಲ್ಲೂ ಎಲ್ಲವೂ ಎಲ್ಲದಕ್ಕೂ ಕೂರುತ್ತದೆ. ವ್ಯಾನಿನದ್ದು ತನ್ನಿ, ಕೂರ್ತದೆ. ಜೀಪಿನದ್ದು ಹಾಕುವ, ಕೂರ್ತದೆ. ಒಬ್ಬ ಟ್ರ್ಯಾಕ್ಟರಿನದ್ದನ್ನೂ ಎತ್ತಿ ತಂದು ಎಂಜಿನ್ನಿನ ಪಕ್ಕ ಹಿಡಿದ. ಅದು ಎಂಜಿನ್ನಿಗಿಂತ ದೊಡ್ಡದಾಗಿ ಕಾಣುತ್ತಿತ್ತು. ಆಗಲೂ ಅವನು ತಲೆ ಓರೆ ಮಾಡಿ, "ಒಂದು ಪಟ್ಟಿ ವೆಲ್ಡ್ ಮಾಡಿದ್ರೆ ಕೂರ್ತದೆ" ಅಂದ. ಇವರ ಪ್ರಕಾರ ದೇವರು ಜಗತ್ತನ್ನು ಮಾಡಿದ್ದೇ ಒಂದು ಪಟ್ಟಿ ವೆಲ್ಡ್ ಮಾಡಿ.

ನನ್ನ ಮೆಕ್ಯಾನಿಕ್ಕಿನ ಮಾತು ಕೇಳಿ ವ್ಯಾನಿನದ್ದನ್ನು ಒಮ್ಮೆ ಕೂರಿಸಿದ್ದೂ ಆಯಿತು. ಬೆಲ್ಟು ಓಡುವ ಗಾಲಿ ಒಂದು ಬೆರಳಿನಷ್ಟು ಹೊರಗೆ ನಿಂತಿತು. "ಅದು ಓಡ್ತಾ ಓಡ್ತಾ ಸರಿ ಆಗ್ತದೆ" ಅಂದ. ಓಡ್ತಾ ಓಡ್ತಾ ಬೆಲ್ಟು ಹಂದಿ ಕೂಗಿದ ಹಾಗೆ ಕೂಗಿ, ಪಕ್ಕದ ಬೊಳುವಾರು ಮುಟ್ಟುವ ಮೊದಲೇ ಹಾರಿ ರಸ್ತೆಯ ಬದಿಗೆ ಬಿತ್ತು. ನಾನು ಅದನ್ನು ಹೆಕ್ಕಿಕೊಂಡು ನಡೆದೇ ಗ್ಯಾರೇಜಿಗೆ ಹೋದೆ. ಅವನು ಬೆಲ್ಟನ್ನು ತಿರುಗಿಸಿ ನೋಡಿ, "ಬೆಲ್ಟು ಸರಿ ಇಲ್ಲ" ಅಂದ.

ಬಿಗಿಯುವ ಕಿವಿ ಸರಿಯಾದ ಜಾಗದಲ್ಲಿರಬೇಕು, ಗಾಲಿ ಒಂದೇ ಗೆರೆಯಲ್ಲಿರಬೇಕು. ಇದು ಕಣ್ಣಿದ್ದವರಿಗೆ ಕಾಣುತ್ತದೆ. ಕಾಣದ್ದು ಇನ್ನೊಂದಿತ್ತು. ಬೇರೆ ಗಾಡಿಗಳ ಡೈನಮದ ಹೊಟ್ಟೆಯೊಳಗೇ ಕರೆಂಟನ್ನು ಹದದಲ್ಲಿಡುವ ಒಂದು ಬಿಲ್ಲೆ ಇರುತ್ತದೆ. ನನ್ನ ಕಾರಿನದ್ದರಲ್ಲಿ ಅದಿಲ್ಲ. ಎಷ್ಟು ಕರೆಂಟು ಬೇಕೆಂದು ಹೇಳುವುದು ಕಾರಿನ ಎಲೆಕ್ಟ್ರಾನಿಕ್ ಡಬ್ಬಿ, ಡೈನಮ ಹೇಳಿದಷ್ಟು ಕೊಡುತ್ತದೆ. ಕಾರಿನ ಜೊತೆ ಬಂದ ಹಳೇ ಕೈಪಿಡಿಯಲ್ಲಿ ಇದು ಚಿತ್ರ ಸಮೇತ ಇದೆ. ನಾನು ಅದನ್ನು ಗ್ಯಾರೇಜಿನಿಂದ ಗ್ಯಾರೇಜಿಗೆ ಹೊತ್ತುಕೊಂಡು ಹೋಗಿ ಬೆರಳಿಟ್ಟು ತೋರಿಸಿದೆ. ಎಲ್ಲರೂ ಬೆರಳನ್ನು ನೋಡಿದರು.

ಹೊರದೇಶದಿಂದ ತರಿಸೋಣ ಎಂದರೆ ಅದು ಹಡಗು ಹತ್ತಿ ಇಳಿದು ನನ್ನ ಕೈ ಸೇರುವಾಗ ಅವಧಿ ಮುಗಿದಿರುತ್ತಿತ್ತು. ಹಳೇ ಕಾರುಗಳ ಪ್ರೇಮಿಗಳದ್ದೊಂದು ವಾಟ್ಸ್ಯಾಪ್ ಗುಂಪಿದೆ, ಅದರಲ್ಲಿ ಕೇಳಿದೆ. ಹೆಬ್ಬೆರಳುಗಳು ಬಂದವು, ಬೆಂಕಿಯ ಚಿತ್ರಗಳು ಬಂದವು, "ಸೂಪರ್ ಗಾಡಿ, ಕೊಡುದಾದ್ರೆ ಹೇಳಿ" ಎಂದು ಬಂತು. ಡೈನಮ ಬರಲಿಲ್ಲ. ಹಳೇ ಸಾಮಾನಿನ ಅಂಗಡಿಗಳಿಗೆ ಫೋನು ಮಾಡಿ ವಿಚಾರಿಸಿದರೆ ಪುತ್ತೂರಿನವನು ತುಳುವಿನಲ್ಲಿ ಉಂಡು ಅಂದ, ಸುಳ್ಯದವನು ಅರೆಭಾಷೆಯಲ್ಲಿ ಉಟ್ಟು ಅಂದ, ಕಡಬದವನು ಕನ್ನಡದಲ್ಲಿ ಉಂಟು ಅಂದ. ಹೋಗಿ ನೋಡಿದರೆ ಮೂರು ಭಾಷೆಯಲ್ಲೂ ಇರಲಿಲ್ಲ.

ಕಡಬದವನು ಮಾತ್ರ ಒಂದು ಸುದ್ದಿ ಹೇಳಿದ. ಅವನದ್ದು ಅಪಘಾತದ ಗಾಡಿಗಳನ್ನು ಬಿಚ್ಚಿ ಮಾರುವ ಅಂಗಡಿ. ನನ್ನ ರಟ್ಟಿನ ಪೆಟ್ಟಿಗೆಯೊಳಗೆ ಇಣುಕಿ, "ಇದೇ ನಮೂನೆದು ಒಂದು ಇತ್ತು ಮೇಡಂ" ಅಂದ. ಘಾಟಿಯಲ್ಲಿ ಹೊಳೆಗೆ ಬಿದ್ದ ಒಂದು ಕಾರು, ಅದೇ ಕಂಪೆನಿಯ ಎಂಜಿನ್ ಇದ್ದ ದೊಡ್ಡ ಸಂಸಾರದ ಕಾರು, ಅವನಲ್ಲಿಗೆ ಬಂದಿತ್ತಂತೆ. "ಆದ್ರೆ ಆ ಡೈನಮ ಸತ್ತದ್ದು. ಒಂದೆರಡು ಜೀಪಿಗೆ ಕೂರಿಸಿ ನೋಡಿದೆ. ಒಂದು ಚೂರು ಚಾರ್ಜ್ ಆಗ್ಲಿಲ್ಲ."

"ಅದು ಸತ್ತದ್ದಲ್ಲ. ಹೊರಗಿಂದ ಹೇಳದಿದ್ರೆ ಅದು ಕರೆಂಟು ಕೊಡುದಿಲ್ಲ. ಜೀಪಿನಲ್ಲಿ ಹೇಳ್ಲಿಕ್ಕೆ ಯಾರುಂಟು?" ಅಂದೆ.

"ಹೌದಾ" ಅಂದು ಅವನು ಫೋನು ನೋಡತೊಡಗಿದ. ಆಮೇಲೆ, ನಾನು ಇನ್ನೂ ನಿಂತಿರುವುದು ಕಂಡು, ಅದನ್ನು ಕೊಲ್ಲಮೊಗ್ರಿನ ಒಬ್ಬರಿಗೆ ಸುಮ್ಮನೆ ಕೊಟ್ಟದ್ದಾಗಿ ಹೇಳಿದ. ಸತ್ತ ಡೈನಮ ತೆಗೆದುಕೊಂಡು ಹೋದದ್ದಕ್ಕೆ ಅವರನ್ನು ನೆನೆದು ನಕ್ಕ.

ಎಲ್ ಬೋರ್ಡಿನ ಸ್ಕೂಲ್ ಕಾರಿನಲ್ಲೇ ಕೊಲ್ಲಮೊಗ್ರಿಗೆ ಹೋದೆ. ಕಾಡಿನ ಅಂಚಿನ ಆ ಊರಿನಲ್ಲಿ ಗುಡ್ಡದಿಂದ ಹರಿದು ಬರುವ ತೋಡಿನ ನೀರಿನಿಂದ ಮನೆಗೆ ಬೇಕಾದಷ್ಟು ಕರೆಂಟು ತಾವೇ ಮಾಡಿಕೊಳ್ಳುವವರಿದ್ದಾರೆ. ಮೇಲಿನಿಂದ ಪೈಪಿನಲ್ಲಿ ನೀರು ಇಳಿಸಿ, ಬಟ್ಟಲುಗಳಿರುವ ಒಂದು ಚಕ್ರಕ್ಕೆ ಹೊಡೆಸಿದರೆ ಚಕ್ರ ತಿರುಗುತ್ತದೆ, ಚಕ್ರಕ್ಕೆ ಕಟ್ಟಿದ ಯಂತ್ರ ಕರೆಂಟು ಕೊಡುತ್ತದೆ. ನನ್ನ ಕಾರಿಗೆ ಬೇಕಾದ ವಸ್ತು ಹಾಗೆ, ತಗಡಿನ ಮಾಡಿನ ಕೆಳಗೆ, ತೋಡಿನ ಬದಿಯಲ್ಲಿ ಗರಗರ ತಿರುಗುತ್ತಿತ್ತು. ಕಿವಿ ಅದೇ, ಗಾಲಿ ಅದೇ, ತಂತಿ ಚುಚ್ಚುವ ಜಾಗ ಅದೇ. ಹದ ಹೇಳುವ ಬಿಲ್ಲೆಯನ್ನು ಹೊರಗೆ ಒಂದು ಮರದ ತುಂಡಿಗೆ ಮೊಳೆ ಹೊಡೆದು ಕೂರಿಸಿದ್ದರು. ನನಗೆ ಅದನ್ನು ಅಲ್ಲೇ ಕಿತ್ತುಕೊಂಡು ಓಡಬೇಕೆನ್ನಿಸಿತು.

ಮನೆಯ ಯಜಮಾನರು ದೊಡ್ಡ ಜಾಗದವರು, ದೊಡ್ಡ ಹೊಟ್ಟೆಯವರು. ಅದನ್ನು ತೋರಿಸುತ್ತ ಕೈ ಬೀಸಿ ಮಾತಾಡಿದರು. "ಕರೆಂಟಿನವರ ಹಂಗು ನಮಗೆ ಇಲ್ಲ. ಊರಿಡೀ ಕತ್ತಲೆ ಆದ್ರೂ ನಮ್ಮಲ್ಲಿ ಟಿ.ವಿ. ಉಂಟು." ಆ ಬಿಲ್ಲೆ ಯಾಕೆ ಬೇಕಾಯಿತು ಎಂದು ಕೇಳಿದೆ. "ಅದು ಹಾಗೇ" ಅಂದರು. ಒಂದಾದ ಮೇಲೊಂದು ಬ್ಯಾಟರಿ ಸುಟ್ಟು, ಕೊನೆಗೆ ಯಾವುದೋ ತಂತಿಯನ್ನು ಯಾವುದಕ್ಕೋ ಕಟ್ಟಿದಾಗ ದೀಪ ಹೊತ್ತಿತಂತೆ. ಅಂದಿನಿಂದ ಅವರು ವಿಜ್ಞಾನಿ. ನನಗೆ ಹೇಳಿಕೊಡಲೂ ಹೊರಟರು, ನೀರು ಅಂದರೆ ಎಂತ, ಕರೆಂಟು ಅಂದರೆ ಎಂತ ಎಂದು.

ಅಷ್ಟರಲ್ಲಿ ಅವರ ಹೆಂಡತಿ ತೋಡಿನ ಮೇಲ್ಗಡೆಯಿಂದ ಇಳಿದು ಬಂದರು. ಮೊಣಕೈವರೆಗೆ ಒದ್ದೆ, ಸೀರೆಯ ಅಂಚಿಗೆ ಅಂಟಿದ ತರಗೆಲೆ. ಪೈಪಿನ ಬಾಯಿಗೆ ಎಲೆ ಕಟ್ಟಿದರೆ ಚಕ್ರ ನಿಲ್ಲುತ್ತದೆ, ಅದನ್ನು ದಿನಾ ಹೋಗಿ ಬಿಡಿಸುವುದು ಅವರ ಕೆಲಸ. ಸೀರೆಗೆ ಕೈ ಒರೆಸಿಕೊಂಡು ಒಳಗೆ ಹೋಗಿ ಪುನರ್ಪುಳಿ ಶರಬತ್ತು ತಂದು ಕೊಟ್ಟರು. ಯಜಮಾನರು ಹೇಳುತ್ತಿದ್ದರು: "ಇದಕ್ಕೆ ಎಂತದೂ ಮಾಡ್ಲಿಕ್ಕಿಲ್ಲ. ಅದರಷ್ಟಕ್ಕೇ ತಿರುಗ್ತಾ ಇರ್ತದೆ."

ನಾನು ಕೈಪಿಡಿ ತೆಗೆಯಲಿಲ್ಲ. ಸರಳವಾಗಿ ಹೇಳಿದೆ. ನೀರಿನ ಚಕ್ರಕ್ಕೆ ಯಾವ ಡೈನಮವಾದರೂ ಆಗುತ್ತದೆ. ಜೀಪಿನ ಹೊಸ ಡೈನಮ ತಂದುಕೊಡುತ್ತೇನೆ, ಬಿಲ್ಲೆ ಒಳಗೇ ಇರುತ್ತದೆ, ಬ್ಯಾಟರಿಯೂ ಸುಡುವುದಿಲ್ಲ. ನನ್ನ ಕಾರಿಗೆ ಇದು ಬಿಟ್ಟು ಬೇರೆ ಆಗದು. ತಿಂಗಳೊಳಗೆ ಹಾಕದಿದ್ದರೆ ಕಾರು ಗುಜರಿಗೆ ಹೋಗುತ್ತದೆ.

ಅವರು ಬಹಳ ಹೊತ್ತು ಯೋಚಿಸಿದರು. ಯೋಚಿಸುವುದು ಅವರಿಗೆ ಅಭ್ಯಾಸವಿಲ್ಲದ ಕೆಲಸವೆಂದು ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಕಣ್ಣು ಸಣ್ಣ ಮಾಡಿ, "ಪುತ್ತೂರಿಂದ ಇಲ್ಲಿವರೆಗೆ ಇದನ್ನೇ ಹುಡುಕಿಕೊಂಡು ಬಂದಿದ್ದೀರಿ ಅಂದ್ರೆ, ಇದರಲ್ಲಿ ಎಂತದೋ ಉಂಟು" ಅಂದರು. ಹಳೆಯದು ಕೊಟ್ಟರೆ ಹೊಸದು ಸಿಗುತ್ತದೆ ಎಂದ ಕೂಡಲೇ ಹಳೆಯದಕ್ಕೆ ಚಿನ್ನದ ಬೆಲೆ ಬಂದಿತ್ತು. ಮೊನ್ನೆವರೆಗೆ ಧರ್ಮಕ್ಕೆ ತಂದ ಗುಜರಿ, ನಾನು ಬೇಕು ಅಂದದ್ದೇ ತಪ್ಪು. ಬೇಡ ಅಂದಿದ್ದರೆ ನನ್ನ ಕಾರಿನೊಳಗೆ ತಂದು ಹಾಕುತ್ತಿದ್ದರೋ ಏನೋ.

"ನೋಡುವ" ಅಂದರು.

ಶರಬತ್ತು ಮುಗಿಸಿ ಎದ್ದೆ. ನನ್ನ ನಂಬರನ್ನು ಅವರ ಹೆಂಡತಿ ಕೇಳಿ ಬರೆದುಕೊಂಡರು. ಮರ್ಯಾದೆಗೆ ಇರಬೇಕು ಅಂದುಕೊಂಡೆ.

ಮನೆಗೆ ಬಂದ ಎರಡು ದಿನಕ್ಕೆ ಶೆಡ್ಡಿನಲ್ಲಿ ಒಬ್ಬ ಅಪರಿಚಿತ ನನ್ನ ಕಾರಿನ ಬಾಗಿಲಿಗೆ ಗೆಣ್ಣಿನಿಂದ ತಟ್ಟುತ್ತಿದ್ದ, ಹಲಸಿನಕಾಯಿ ಬಲಿತಿದೆಯೋ ಇಲ್ಲವೋ ನೋಡುವ ಹಾಗೆ. ಘಟ್ಟದ ಮೇಲಿನವನು, ಪುತ್ತೂರಿಗೆ ಹೊಸತಾಗಿ ಬಂದ ಗುಜರಿ ವ್ಯಾಪಾರಿ.

"ನೋಡೋಣ ಅಂದ್ರಂತೆ, ಅದಕ್ಕೇ ನೋಡ್ಕೊಂಡು ಹೋಗೋಣ ಅಂತ ಬಂದೆ ಮೇಡಂ" ಅಂದ.

ಅವನ ತಪ್ಪಿಲ್ಲ. ಘಟ್ಟದ ಮೇಲೆ ಶಬ್ದಗಳಿಗೆ ಅವುಗಳದ್ದೇ ಅರ್ಥ ಇರುತ್ತದೆ. ತಪ್ಪಿದ್ದದ್ದು ಜಗಲಿಯ ಕಂಬಕ್ಕೆ ಒರಗಿ ಕಡ್ಡಿಯಿಂದ ಹಲ್ಲು ಕುಕ್ಕುತ್ತಿದ್ದ ನನ್ನ ಅಣ್ಣನದ್ದು. ಇದೇ ಅಂಗಳದಲ್ಲಿ ಹುಟ್ಟಿ, ಇದೇ ಶಬ್ದ ಹೇಳಿ ಒಂದು ಲೋಕವನ್ನೇ ಬರಿಗೈಯಲ್ಲಿ ಕಳಿಸಿದ ಮನುಷ್ಯ, ನನ್ನ ಮುಖ ನೋಡಿ ಹೇಳಿದ: "ನೀನೇ ನೋಡುವ ಅಂದದ್ದಲ್ವಾ?"

ನನಗೆ ಬಂದ ಸಿಟ್ಟನ್ನು ಬರೆಯಲು ಹೋಗುವುದಿಲ್ಲ. ವ್ಯಾಪಾರಿಗೆ ಮರ್ಯಾದೆಯಿಂದ ಹೋಗಿ ಬನ್ನಿ ಅಂದೆ. ಅವನು ಅಣ್ಣನ ಕಡೆ ನೋಡಿದ. ಅಣ್ಣ, "ತಿಂಗಳ ಕೊನೆಗೆ ಬನ್ನಿ, ಆಗ ಅವಳೂ ಎಂತ ಹೇಳ್ಲಿಕ್ಕಿಲ್ಲ" ಅಂದ. ನಾನು ಅಲ್ಲಿ ಇರಲೇ ಇಲ್ಲವೇನೋ ಎಂಬ ಹಾಗೆ ಅಂದ. ಆ ದಿನ ಮೊದಲ ಬಾರಿಗೆ ನನಗೆ ಹೆದರಿಕೆಯಾಯಿತು. ಕಾರು ಹೋಗುತ್ತದೆ, ನಾನು ಉಳಿದ ಆಯುಷ್ಯವೆಲ್ಲ ಎಡಗಡೆಯ ಸೀಟಿನಲ್ಲಿ ಕೂತು ಕ್ಲಚ್ ಬಿಡಿ ಅನ್ನುತ್ತ ಮುದುಕಿಯಾಗುತ್ತೇನೆ ಅನ್ನಿಸಿತು.

ಮರುವಾರ ಬೆಳಗ್ಗಿನ ಬಸ್ಸಿನಲ್ಲಿ ಕೊಲ್ಲಮೊಗ್ರಿನ ಆ ಹೆಂಗಸು ನನ್ನ ಸ್ಕೂಲಿನ ಬಾಗಿಲಿಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ವಯರಿನ ಬುಟ್ಟಿ, ಅದರ ಭಾರಕ್ಕೆ ಹೆಗಲು ಒಂದು ಕಡೆ ವಾಲಿತ್ತು. ಬುಟ್ಟಿಯ ಬಾಯಿಗೆ ಮುಚ್ಚಿದ್ದ ಮೈ ಒರೆಸುವ ಬೈರಾಸು ತೆಗೆದರು. ಡೈನಮ ಇತ್ತು.

"ಬಿಚ್ಚಿ ತಂದೆ ಅಕ್ಕ" ಅಂದರು.

"ಅವರಿಗೆ ಗೊತ್ತುಂಟಾ?"

"ಸುಟ್ಟು ಹೋಗಿದೆ, ಪುತ್ತೂರಿಗೆ ರಿಪೇರಿಗೆ ಕೊಟ್ಟು ಬರ್ತೇನೆ ಅಂದೆ. ಹೌದಾ ಅಂದ್ರು." ಬೈರಾಸು ಮಡಚುತ್ತ ಹೇಳಿದರು: "ಅವರು ತೋಡಿನ ಹತ್ರ ಹೋಗುದು ಯಾರಾದ್ರು ನೋಡ್ಲಿಕ್ಕೆ ಬಂದ್ರೆ ಮಾತ್ರ. ನಾನೇ ಬಿಚ್ಚುದು, ನಾನೇ ಎಣ್ಣೆ ಬಿಡುದು."

ನಾನು ಹೊಸ ಜೀಪ್ ಡೈನಮ ಈಗಲೇ ತೆಗೆದುಕೊಡುತ್ತೇನೆ ಅಂದೆ. ಅದು ಸಾಕೆಂಬ ಹಾಗೆ ಅವರು ತಲೆ ಆಡಿಸಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಗೋಡೆಗೆ ಹಾಕಿದ್ದ ಟ್ರಾಫಿಕ್ ಚಿಹ್ನೆಗಳನ್ನು ಒಂದೊಂದಾಗಿ ನೋಡಿದರು.

"ನನಗೆ ಗಾಡಿ ಕಲಿಸ್ಬೇಕು" ಅಂದರು. "ಮನೆಯಲ್ಲಿ ಜೀಪು ಉಂಟು. ಕಲಿತೇನೆ ಅಂತ ಮದುವೆ ಆದಾಗಿಂದ ಕೇಳ್ತಾ ಇದ್ದೇನೆ. ನೋಡುವ ಅಂತಾರೆ. ಮಗುವಿಗೆ ಜ್ವರ ಬಂದು ಅವರು ಊರಲ್ಲಿ ಇಲ್ಲದ ದಿನ ಜೀಪಿನ ಎದುರು ನಿಂತು ಮರ್ಕಂಜದ ತಮ್ಮನಿಗೆ ಫೋನು ಮಾಡಿದ್ದೇನೆ ಅಕ್ಕ. ಅವನು ಬರುವವರೆಗೆ ಜೀಪನ್ನೇ ನೋಡ್ತಾ ಕೂತದ್ದು." ಬ್ಯಾಗಿನಿಂದ ಲರ್ನರ್ ಲೈಸೆನ್ಸು ತೆಗೆದು ಮೇಜಿನ ಮೇಲಿಟ್ಟರು. ರೇಷನ್ ಕಾರ್ಡಿನ ಕೆಲಸಕ್ಕೆಂದು ಸುಳ್ಯಕ್ಕೆ ಹೋದಾಗ ಯಾರಿಗೂ ಹೇಳದೆ ಮಾಡಿಸಿಕೊಂಡಿದ್ದರು.

ಇದನ್ನು ಕಳ್ಳತನ ಅನ್ನುವವರು ಅನ್ನಲಿ. ನನಗೆ ಅದರಲ್ಲಿ ಒಂದು ಗಳಿಗೆಯ ಅಳುಕೂ ಆಗಲಿಲ್ಲ. ದಿನಾ ಎಲೆ ಬಿಡಿಸಿದವರ ಪಾಲು ಆ ಚಕ್ರದಲ್ಲಿ ಇಲ್ಲದಿದ್ದರೆ ಇನ್ನು ಯಾರದ್ದು? ಅವರನ್ನು ಅಂದೇ ಗಾಡಿಯ ಬಲಗಡೆ ಕೂರಿಸಿದೆ. ಪುಣ್ಯಕ್ಕೆ ಅವರು ಹುಟ್ಟು ಪ್ರತಿಭೆಯೇನೂ ಆಗಿರಲಿಲ್ಲ. ಎಲ್ಲರ ಹಾಗೆಯೇ ಗಾಡಿಯನ್ನು ಕುಪ್ಪಳಿಸಿದರು, ಒಂದು ಹೂವಿನ ಚಟ್ಟಿ ಒಡೆದರು. ಒಂದೇ ವ್ಯತ್ಯಾಸ, ಹೇಳಿದ್ದನ್ನು ಕೇಳುತ್ತಿದ್ದರು. ನನ್ನ ವೃತ್ತಿಯಲ್ಲಿ ಅಷ್ಟು ಸಿಕ್ಕರೆ ಹಬ್ಬ. ಸಂಜೆ ಹೊಸ ಡೈನಮವನ್ನು ಬುಟ್ಟಿಯಲ್ಲಿಟ್ಟು, ಅದೇ ಬೈರಾಸು ಮುಚ್ಚಿ ಬಸ್ಸು ಹತ್ತಿದರು. ಆಮೇಲೆ ಹಲ್ಲಿಗೆ ಬೇರಿನ ಟ್ರೀಟ್‌ಮೆಂಟ್ ಉಂಟೆಂದು ಮನೆಯಲ್ಲಿ ಹೇಳಿ ಬರುತ್ತಿದ್ದರು. ಯಾವ ಹಲ್ಲು ಎಂದು ಯಾರೂ ಕೇಳಲಿಲ್ಲವಂತೆ.

ಹಳೆಯದನ್ನು ನನ್ನ ಮೆಕ್ಯಾನಿಕ್ಕಿಗೆ ಕೊಟ್ಟೆ. ಅವನು ಅದನ್ನು ಕಿವಿಗೆ ಕಿವಿ ಹೊಂದಿಸಿ, ಒಂದೂ ಪಟ್ಟಿ ವೆಲ್ಡ್ ಮಾಡದೆ, ಬೋಲ್ಟು ಬಿಗಿದ. ಬೆಲ್ಟು ಹಾಕಿದ. ತಂತಿ ಚುಚ್ಚಿದ. ನಾನು ಕೀ ತಿರುಗಿಸಿದೆ. ಕೆಂಪು ದೀಪ ಹೊತ್ತಿತು, ಎಂಜಿನ್ ಹಿಡಿದ ಕೂಡಲೇ ಆರಿತು. ಆರಿಯೇ ಇತ್ತು. ನನಗೆ ಕಣ್ಣು ತುಂಬಿತು. ಮೆಕ್ಯಾನಿಕ್ ಅದನ್ನು ನೋಡಿ ತನ್ನ ಕೆಲಸ ಮೆಚ್ಚಿದ್ದಾರೆ ಅಂದುಕೊಂಡ. "ನಾನು ಮೊದಲೇ ಹೇಳಿದ್ದೆ ಅಲ್ವಾ ಅಕ್ಕ, ಕೂರ್ತದೆ ಅಂತ" ಅಂದ.

ಕೊಲ್ಲಮೊಗ್ರಿನಲ್ಲಿ ಹೊಸ ಡೈನಮವೂ ತಿರುಗತೊಡಗಿತು. ಹೊಳೆಯುವ ಅಲ್ಯೂಮಿನಿಯಮಿಗೆ ಸ್ವಲ್ಪ ಮಸಿ ಮೆತ್ತಿದ್ದೇನೆ ಎಂದು ಅವರು ಮುಂದಿನ ಕ್ಲಾಸಿನಲ್ಲಿ ಹೇಳಿದರು. ಮಸಿ ಮೆತ್ತುವ ಅಗತ್ಯವೂ ಇರಲಿಲ್ಲ. ಯಜಮಾನರು ನೆಂಟರನ್ನು ಕರೆದುಕೊಂಡು ಹೋಗಿ, ಪುತ್ತೂರಿನ ಹೆಂಗಸೊಬ್ಬಳು ಇದೇ ಬೇಕೆಂದು ಕಾಲು ಹಿಡಿಯುವುದೊಂದು ಬಾಕಿ, ಆದರೂ ತಾನು ಕೊಡಲಿಲ್ಲ, ಇಂಥದ್ದು ಇಡೀ ಜಿಲ್ಲೆಯಲ್ಲಿ ಇನ್ನೊಂದಿಲ್ಲ ಎಂದು ಜೀಪಿನ ಡೈನಮವನ್ನು ತೋರಿಸುತ್ತಿದ್ದಾರಂತೆ. ಹೆಂಡತಿ ಇದನ್ನು ಸ್ಟೇರಿಂಗ್ ಹಿಡಿದುಕೊಂಡೇ, ಕಣ್ಣು ರಸ್ತೆಯ ಮೇಲಿಟ್ಟು, ಗೇರು ಸರಿಯಾಗಿ ಬದಲಿಸುತ್ತ ಹೇಳಿದರು. ಲೈಸೆನ್ಸು ಬಂದ ಮೇಲೆ ಓಡಿಸಬೇಕಾದರೆ ಜೀಪಿನ ಕೀ ಎಲ್ಲಿರುತ್ತದೆ ಎಂದು ಕೇಳಿದೆ. "ಕೀ ಯಾವಾಗ್ಲೂ ಮೊಳೆಯಲ್ಲೇ ಇರ್ತದೆ ಅಕ್ಕ. ನಾನು ತೆಗೀಲಿಕ್ಕಿಲ್ಲ ಅಂತ ಅವರಿಗೆ ಧೈರ್ಯ" ಅಂದರು.

ಅವಧಿ ಮುಗಿಯುವ ವಾರದಲ್ಲಿ ನಾನು ಮೈದಾನಕ್ಕೆ ಹೋದೆ. ಇನ್‌ಸ್ಪೆಕ್ಟರು ಹೆಚ್ಚು ಮಾತಿನವರಲ್ಲ. ದೀಪ ಹಾಕಿ ಅಂದರು, ಹಾಕಿದೆ. ವೈಪರ್ ಅಂದರು, ಆಡಿತು. ಚಾಸಿಸ್ ನಂಬರು ಉಜ್ಜಿ ತೆಗೆದುಕೊಂಡರು, ಮೈದಾನದಲ್ಲಿ ಒಂದು ಸುತ್ತು ಓಡಿಸಲು ಹೇಳಿದರು, ಸಹಿ ಹಾಕಿದರು. ಇನ್ನು ಐದು ವರ್ಷ ಅದು ಕಬ್ಬಿಣವಲ್ಲ, ಕಾರು. ಮಾಡು ಬಿಚ್ಚಿ, ತಲೆಗೆ ಬಿಸಿಲು ಹೊಡೆಸಿಕೊಂಡು, ಬೇಕೆಂದೇ ಸುತ್ತು ದಾರಿ ಹಿಡಿದು ಮನೆಗೆ ಬಂದೆ.

ಶೆಡ್ಡಿನಲ್ಲಿ ಅಣ್ಣನ ಕಾರು ನಿಂತಿತ್ತು. ನಾನು ಅತ್ತ ಹೋದ ಕೂಡಲೇ ತಂದು ಒಳಗೆ ಹಾಕಿದ್ದ, ನೆಲ ಗುಡಿಸಿ, ನನ್ನ ಹಳೇ ಟಯರುಗಳನ್ನು ಹೊರಗೆ ಎಸೆದು. ಬೆಳಗ್ಗೆ ನಾನು ಸ್ಟಾರ್ಟ್ ಮಾಡಿಕೊಂಡು ಹೋದದ್ದನ್ನು ಕಣ್ಣಾರೆ ನೋಡಿಯೂ, ಅದು ವಾಪಸು ಬರಲಿಕ್ಕಿಲ್ಲ ಎಂದು ಅವನಿಗೆ ಅಷ್ಟು ನಂಬಿಕೆ. ಜಗಲಿಯಲ್ಲಿ ಯಾರೂ ಇರಲಿಲ್ಲ. ಒಳಗಿನಿಂದ ಊಟದ ನಂತರದ ಗೊರಕೆ ಕೇಳುತ್ತಿತ್ತು.

ಕಾರನ್ನು ಶೆಡ್ಡಿನ ಬಾಯಿಗೆ ತಂದು ನಿಲ್ಲಿಸಿದೆ. ಎಂಜಿನ್ ಆರಿಸಲಿಲ್ಲ. ನಡು ಮಧ್ಯಾಹ್ನ ದೊಡ್ಡ ದೀಪ ಹಾಕಿದೆ, ವೈಪರ್ ಹಾಕಿದೆ, ಹಾರ್ನಿನ ಮೇಲೆ ಅಂಗೈ ಇಟ್ಟು ಒತ್ತಿದೆ. ತೆಗೆಯಲಿಲ್ಲ. ಪಕ್ಕದ ಮನೆಯವರು ಬೇಲಿಗೆ ಬಂದರು. ಅತ್ತಿಗೆ ಕಿಟಕಿಯಿಂದ ಇಣುಕಿ ಒಳಗೆ ಹೋದರು. ಅಣ್ಣ ಲುಂಗಿ ಕಟ್ಟಿಕೊಳ್ಳುತ್ತ, ಕೀ ಹುಡುಕುತ್ತ, "ನಿಲ್ಸು ಮಾರಾಯ್ತಿ, ಬ್ಯಾಟರಿ ಹೋಗ್ತದೆ" ಎಂದು ಕೂಗುತ್ತ ಬಂದ. ಹೋಗಲಿಲ್ಲ. ಅವನು ತನ್ನ ಕಾರನ್ನು ಹಿಂದಕ್ಕೂ ಮುಂದಕ್ಕೂ ಒದ್ದಾಡಿಸಿ, ನನ್ನ ಕಾರಿನ ಬದಿಯಿಂದ ನುಸುಳಿಸಿ ಅಂಗಳಕ್ಕೆ ತಂದು, ಇಳಿದು, ಬರಿಗಾಲಿನಲ್ಲಿ ಬಿಸಿಲಿನಲ್ಲಿ ನಿಂತ ಮೇಲೆಯೇ ನಾನು ಕೈ ತೆಗೆದದ್ದು.